ಪಾಯಿಂಟ್ ಶೂ ತೊಳೆದುಕೊಂಡು ಬರಬೇಕಂತೆ!

"ಹೋಗು, ತೊಳೆದುಕೊಂಡು ಬಾ" ಅಂದರು ನಮ್ಮ ಬ್ಯಾಲೆ ಮೇಡಂ, ಗುಲಾಬಿ ಶೂಗೆ ನಾನು ನನ್ನ ಮೈಯ ಕಂದು ಬಣ್ಣ ಹಚ್ಚಿದ್ದಕ್ಕೆ. ಪಾಯಿಂಟ್ ಶೂ, ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಶೂ! ಅದನ್ನು ಯಾರಾದರೂ ತೊಳೆಯುತ್ತಾರಾ? ಬಟ್ಟೆ, ಕಾಗದ ಎಲ್ಲ ಪದರಪದರವಾಗಿ ಅಂಟಿಸಿ ಒಣಗಿಸಿದ್ದು ಅದರ ಬಾಕ್ಸ್, ಅಂದರೆ ತುದಿಯ ಗಟ್ಟಿ ಭಾಗ. ಕಾಲಿನ ಬೆವರಿಗೇ ಮೆತ್ತಗಾಗುತ್ತದೆ. ನೀರಿಗೆ ಹಾಕಿದರೆ ಆಮೇಲೆ ಅದರ ಮೇಲೆ ನಿಲ್ಲೋದು ಹೇಗೆ? ಇದು ಮೇಡಂಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅಂದರು. ಹನ್ನೊಂದು ಜನರ ಮುಂದೆ.

ಆಗಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಬಾರ್, ಅಂದರೆ ಕಂಬಿ ಹಿಡಿದು ಮಾಡುವ ಅಭ್ಯಾಸ, ಮುಗಿಸಿ ನಡುವಿಗೆ ಬಂದಿದ್ದೆವು. ನಾನು ಎರಡನೇ ಸಾಲಿನಲ್ಲಿದ್ದೆ. ಸಂಗೀತ ನಿಲ್ಲಿಸಿದರು. "ನೀನು, ಮುಂದೆ ಬಾ." ಹೋದೆ. "ಏನಿದು ಕಾಲಲ್ಲಿ?" ಶೂ ಮೇಡಂ ಅಂದೆ. "ಶೂ ಬಣ್ಣವಾ ಇದು?" ನನ್ನ ಮೈಬಣ್ಣ ಮೇಡಂ ಅಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಬಗ್ಗಿ, ಬೆರಳಿನಿಂದ ಶೂ ತುದಿ ತಿಕ್ಕಿ, ಬೆರಳಿಗೆ ಹತ್ತಿದ ಕಂದು ಪುಡಿಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಕೊಳೆ ತೋರಿಸುವ ಹಾಗೆ. ಆಮೇಲೆ ಟವೆಲ್ಲಿಗೆ ಒರೆಸಿಕೊಂಡರು. ಒಂದು ಸಲ ಅಲ್ಲ, ಎರಡು ಸಲ. ಅದು ನಾನು ಮುಖಕ್ಕೆ ಹಚ್ಚಿಕೊಳ್ಳುವ ಫೌಂಡೇಶನ್. ನನ್ನ ಕೆನ್ನೆಯ ಬಣ್ಣ!

ನಿನ್ನೆ ರಾತ್ರಿ ಎರಡು ಗಂಟೆ ಕೂತು ಹಚ್ಚಿದ್ದೆ. ಸ್ಪಂಜಿನಿಂದ ತಟ್ಟಿ ತಟ್ಟಿ, ಒಣಗಿಸಿ, ಮತ್ತೆ ತಟ್ಟಿ. ಹೊಲಿಗೆಯ ಸಂದಿಗೆ ಇಯರ್ ಬಡ್. ರಿಬ್ಬನ್ ಮಾತ್ರ ಎಷ್ಟು ಹಚ್ಚಿದರೂ ಕುಡಿಯುತ್ತಲೇ ಇತ್ತು.

ಇದೇ ಶೂಗೆ ನಾನು ಏನೆಲ್ಲ ಮಾಡಿದ್ದೇನೆ ಗೊತ್ತಾ? ಸದ್ದು ಕಮ್ಮಿಯಾಗಲಿ ಅಂತ ನೆಲಕ್ಕೆ ಬಡಿದಿದ್ದೇನೆ. ಬಾಕ್ಸ್ ಸಡಿಲವಾಗಲಿ ಅಂತ ಹಿಮ್ಮಡಿಯಲ್ಲಿ ತುಳಿದಿದ್ದೇನೆ. ಒಳಗಿನ ಮೊಳೆ ಕಿತ್ತು ಶ್ಯಾಂಕ್ ಅನ್ನೋ ಗಟ್ಟಿ ಒಳಪಟ್ಟಿಯನ್ನು ಕಾಲುಭಾಗ ಕತ್ತರಿಸಿದ್ದೇನೆ. ಜಾರಬಾರದು ಅಂತ ಅಟ್ಟೆ ಕೆರೆದಿದ್ದೇನೆ. ತುದಿಯ ಸ್ಯಾಟಿನ್ ಕತ್ತರಿಸಿ ತೆಗೆದು, ಸುತ್ತಲೂ ದಪ್ಪ ದಾರದಲ್ಲಿ ಹೊಲಿದಿದ್ದೇನೆ. ರಿಬ್ಬನ್ ತುದಿಯನ್ನು ಬೆಂಕಿಗೆ ಹಿಡಿದು ಸುಟ್ಟಿದ್ದೇನೆ. ಅದನ್ನೆಲ್ಲ ಕಲಿಸಿದ್ದೂ ಇವರೇ! ಎಡ ಬಲ ಅನ್ನೋದೂ ಇಲ್ಲದೆ ಬರುವ ಶೂ, ಅದನ್ನು ನಿನ್ನ ಕಾಲಿನದು ಮಾಡಿಕೋ ಅಂತಾರೆ. ಮಾಡಿಕೊಂಡೆ. ಬಣ್ಣ ಒಂದು ನನ್ನದಾದ ತಕ್ಷಣ ಸಂಪ್ರದಾಯ ಅಡ್ಡ ಬಂತು.

ಗುಲಾಬಿ ಯಾಕೆ ಅಂತಲೂ ಇವರೇ ಹೇಳಿದ್ದರು. ಸೊಂಟದಿಂದ ಬೆರಳ ತುದಿವರೆಗೆ ಕಾಲು ಒಂದೇ ಗೆರೆಯಾಗಿ ಕಾಣಬೇಕಂತೆ. ಸರಿ, ಬಿಳಿ ಮೈಗೆ ಅದು ಒಪ್ಪುತ್ತದೆ. ನನ್ನ ಕತ್ತು ಕಂದು, ಕೈ ಕಂದು, ಕಾಲು ಮಾತ್ರ ಗುಲಾಬಿ. ಕನ್ನಡಿಯಲ್ಲಿ ನೋಡಿದರೆ ಬೇರೆ ಯಾರದೋ ಕಾಲು ತಂದು ಜೋಡಿಸಿದ ಹಾಗಿರುತ್ತದೆ. ಅಮೆರಿಕದ ಕಪ್ಪು ಬ್ಯಾಲೆ ನರ್ತಕ ಆರ್ಥರ್ ಮಿಚೆಲ್ ಇದನ್ನು ನೋಡಿಯೇ 1974ರಲ್ಲಿ ತಮ್ಮ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ತಂಡದವರಿಗೆ ಅವರವರ ಮೈಬಣ್ಣದ ಟೈಟ್ಸ್, ಶೂ ಹಾಕಿಸಿದರು. ಲಂಡನ್ನಿನ ಫ್ರೀಡ್ ಕಂಪನಿ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಪಾಯಿಂಟ್ ಶೂ ತಂದದ್ದು 2018ರಲ್ಲಿ. ಅಷ್ಟು ವರ್ಷ ಎಷ್ಟೋ ಕಪ್ಪು ನರ್ತಕಿಯರು ನನ್ನ ಹಾಗೇ ಸ್ಪಂಜು ಹಿಡಿದು ಕೂತಿದ್ದರು. ದೊಡ್ಡ ಪಾತ್ರ ಮಾಡುವವರಿಗೆ ಒಂದು ಜೋಡಿ ಒಂದೇ ಪ್ರದರ್ಶನಕ್ಕೆ ಸವೆದು ಹೋಗೋದುಂಟು. ಪ್ರತಿ ಜೋಡಿಗೂ ಹಚ್ಚಬೇಕು. ಅವರೆಲ್ಲ ಶೂ ಕೊಳೆ ಮಾಡಿಕೊಂಡವರಾ ಮೇಡಂ?

ಇದನ್ನೆಲ್ಲ ಅಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. "ಸರಿ ಮೇಡಂ" ಅಂದೆ. ಮೂಲೆಯಲ್ಲಿ ಕೂತು ರಿಬ್ಬನ್ ಬಿಚ್ಚಿದೆ. ಗಂಟು ಬಿಚ್ಚಲು ಬರುತ್ತಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು.

ಹೋಗಲಿ ಬಿಡಿ. ಕ್ಲಾಸ್ ಅವರದು, ನಿಯಮ ಅವರದು. ಇನ್ನೊಂದು ಗುಲಾಬಿ ಜೋಡಿ ಇದೆ, ಅದನ್ನೇ ಹಾಕಿಕೊಂಡು ಹೋಗುತ್ತೇನೆ. ನನಗೆ ಬ್ಯಾಲೆ ಬೇಕು, ಬಣ್ಣದ ಜಗಳಕ್ಕೆ ಅದನ್ನು ಕಳೆದುಕೊಳ್ಳಲಾರೆ.

ಇಲ್ಲ, ಯಾಕೆ ಬಿಡಬೇಕು? ನನ್ನ ಬಣ್ಣವನ್ನು ಟವೆಲ್ಲಿಗೆ ಒರೆಸಿದ್ದಾರೆ ಅವರು! ಬ್ಯಾಲೆ ಕಲಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ. ಕಂದು ಶೂನಲ್ಲಿ ಮಾಡಿದ ರೆಲೆವೆಯಲ್ಲಿ, ಅಂದರೆ ಹಿಮ್ಮಡಿ ಎತ್ತಿ ಮೇಲೇಳುವುದರಲ್ಲಿ, ಏನು ತಪ್ಪು ಕಾಣುತ್ತದೆ? ಸೋಮವಾರ ಬೆಳಗ್ಗೆ ಕ್ಲಾಸ್ ಇದೆ. ಅಷ್ಟರೊಳಗೆ ಯಾರಾದರೂ ಹೇಳಿ.