ಬಳಕೆ ತಪ್ಪಿದ ಕೊಳಚೆ ನೀರು ಸಂಸ್ಕರಣಾ ಘಟಕವನ್ನು ಉಳಿಸಿಕೊಳ್ಳಬೇಕೇ?

ಪರ

ಕೊಳಚೆ ನೀರು ಸಂಸ್ಕರಣಾ ಘಟಕವನ್ನು ಮೇಲ್ದರ್ಜೆಗೇರಿಸಿದ ಕೂಡಲೇ ಹಳೆಯ ಭಾಗಗಳನ್ನೆಲ್ಲ ಕೆಡವಿಹಾಕುವುದು ಅವಸರದ ತೀರ್ಮಾನ. ಜಲ್ಲಿ ಹಾಸಿದ ವೃತ್ತಾಕಾರದ ಟ್ರಿಕ್ಲಿಂಗ್ ಫಿಲ್ಟರನ್ನೇ ನೋಡಿ: ರಂಧ್ರಗಳಿಂದ ಚಿಮ್ಮುವ ನೀರಿನ ಒತ್ತಡಕ್ಕೇ ಅದರ ಉದ್ದನೆಯ ತೋಳುಗಳು ತಿರುಗುತ್ತವೆ, ಕಲ್ಲುಗಳಿಗೆ ಅಂಟಿದ ಜೀವಾಣುಗಳ ಪದರವು ಕೊಳೆಯನ್ನು ಅರಗಿಸುತ್ತದೆ. 1914ರಲ್ಲಿ ಮ್ಯಾಂಚೆಸ್ಟರಿನ ಸಂಶೋಧಕರಾದ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದ ಆಕ್ಟಿವೇಟೆಡ್ ಸ್ಲಡ್ಜ್ ವಿಧಾನವು (ತೊಟ್ಟಿಯ ನೀರಿಗೆ ಗಾಳಿಯೂಡಿ, ಅದರಲ್ಲಿ ಬೆರೆತ ಜೀವಾಣುಗಳ ಕೆಸರಿನಿಂದ ಕೊಳೆಯನ್ನು ಅರಗಿಸುವ ಕ್ರಮ) ಕಡಿಮೆ ಜಾಗದಲ್ಲಿ ಹೆಚ್ಚು ನೀರನ್ನು ಶುದ್ಧಗೊಳಿಸುತ್ತದೆಯಾದರೂ, ಅದಕ್ಕೆ ಹಗಲಿರುಳು ಗಾಳಿಯೂಡಲು ವಿದ್ಯುತ್ ಬೇಕು. ಜಾಗವನ್ನು ಉಳಿಸಿ ವಿದ್ಯುತ್ತನ್ನು ತೆತ್ತ ಈ ವ್ಯವಹಾರವು, ಎರಡೂ ವ್ಯವಸ್ಥೆಗಳು ಅಕ್ಕಪಕ್ಕದಲ್ಲಿದ್ದಾಗ ವಿದ್ಯಾರ್ಥಿಗೂ ತೆರಿಗೆದಾರನಿಗೂ ಸುಲಭವಾಗಿ ಮನದಟ್ಟಾಗುತ್ತದೆ.

ಪ್ರಾಗ್ ನಗರದ ಬುಬೆನೆಚ್‌ನಲ್ಲಿ 1906ರಿಂದ 1967ರವರೆಗೆ ದುಡಿದ ಘಟಕವು ಈಗ ಉಗಿ ಎಂಜಿನ್‌ಗಳ ಸಮೇತ ವಸ್ತುಸಂಗ್ರಹಾಲಯವಾಗಿದೆ. ಎಲ್ಲವೂ ಸಂಗ್ರಹಾಲಯವಾಗಬೇಕೆಂದೇನೂ ಇಲ್ಲ. ಗಟ್ಟಿಮುಟ್ಟಾದ ಹಳೆಯ ತೊಟ್ಟಿಯಲ್ಲಿ, ಜೋರು ಮಳೆಯಾದಾಗ ಘಟಕದ ಸಾಮರ್ಥ್ಯವನ್ನು ಮೀರಿ ಬರುವ ನೀರನ್ನು ಹಿಡಿದಿಟ್ಟು ನಿಧಾನವಾಗಿ ಸಂಸ್ಕರಿಸಬಹುದು.

ವಿರೋಧ

ಬಳಸುವ ತೊಟ್ಟಿಯ ಮಾತು ಬೇರೆ. ಪಾಳುಬಿದ್ದ ತೊಟ್ಟಿ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಅಂತರ್ಜಲ ಮೇಲೇರಿದಾಗ, ಖಾಲಿ ಮಾಡಿದ ಕಾಂಕ್ರೀಟ್ ತೊಟ್ಟಿಯು ನೀರಿನ ಮೇಲ್ಮುಖ ಒತ್ತಡಕ್ಕೆ ಸಿಕ್ಕಿ ನೆಲದಿಂದ ಮೇಲೇಳಬಹುದು ಅಥವಾ ಅದರ ತಳ ಬಿರಿಯಬಹುದು. ಹಾಗಾಗದಿರಲೆಂದು ನೀರು ತುಂಬಿಸಿಟ್ಟರೆ ಸೊಳ್ಳೆಗಳ ಕಾಟ, ಜೊತೆಗೆ ಬಿದ್ದವರು ಮುಳುಗುವ ಭಯ. ಮುಚ್ಚಿದ ಕೋಣೆಗಳಲ್ಲಿ ಉಳಿದ ಕೆಸರು ಕೊಳೆತು ಹೈಡ್ರೋಜನ್ ಸಲ್ಫೈಡ್ ಹೊಮ್ಮುತ್ತದೆ. ಕೊಳೆತ ಮೊಟ್ಟೆಯ ವಾಸನೆಯೇ ಎಚ್ಚರಿಸುತ್ತದೆ ಎಂದು ನಂಬುವಂತಿಲ್ಲ, ಏಕೆಂದರೆ ಅನಿಲದ ಪ್ರಮಾಣ ಹೆಚ್ಚಾದಾಗ ಮೂಗು ಆ ವಾಸನೆಯನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದೇ ಅನಿಲವನ್ನು ಗೋಡೆಯ ಮೇಲಿನ ಬ್ಯಾಕ್ಟೀರಿಯಾಗಳು ಗಂಧಕಾಮ್ಲವಾಗಿ ಮಾರ್ಪಡಿಸುವುದರಿಂದ ಕಾಂಕ್ರೀಟು ಸವೆಯುತ್ತದೆ, ಒಳಗಿನ ಕಬ್ಬಿಣ ಬಯಲಾಗುತ್ತದೆ.

ಕಾರ್ಖಾನೆಗಳ ತ್ಯಾಜ್ಯವೂ ಸೇರುತ್ತಿದ್ದ ಘಟಕವಾದರೆ ಕೆಸರಿನ ಹೊಂಡಗಳಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಉಳಿದಿರಬಹುದು, ಅವು ಕಾಲಾಂತರದಲ್ಲಿ ಕೊಳೆತು ಇಲ್ಲವಾಗುವಂಥವಲ್ಲ. ಇಂಥ ಜಾಗಕ್ಕೆ ಬೇಲಿ, ಕಾವಲು, ತಪಾಸಣೆಗಳ ಖರ್ಚು ಪ್ರತಿವರ್ಷವೂ ಬರುತ್ತದೆ. ಸಂಗ್ರಹಾಲಯದ ಕನಸು ಕಾಣುವವರು ಈ ಲೆಕ್ಕವನ್ನು ಮುಂದಿಡುವುದು ಅಪರೂಪ. ಮೇಲಾಗಿ ಸಾರಜನಕ, ರಂಜಕಗಳನ್ನು ತೆಗೆಯುವ ಮುಂದಿನ ಹಂತಕ್ಕೆ ಬೇಕಾಗುವುದು ಇದೇ ಆವರಣದೊಳಗಿನ ನೆಲ. ನಕ್ಷೆ, ಛಾಯಾಚಿತ್ರಗಳನ್ನು ದಾಖಲಿಸಿ, ಒಂದೆರಡು ಯಂತ್ರಗಳನ್ನು ಬೇರೆಡೆಗೆ ಸಾಗಿಸಿದ ಬಳಿಕ, ಉಳಿದದ್ದನ್ನು ಕೆಸರು ತೆಗೆದು ಕೆಡವುವುದೇ ಸರಿ.