ಎಡಗಾಲಿಗೆ ಕೆಲಸ ಇಲ್ಲ

ಈ ಸಲ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೊರಟಾಗ ನಮ್ಮ ಐದು ಸೀಟಿನ ಹಳೇ ಕಾರಿನಲ್ಲಿ ಏಳು ಜನ ಇದ್ದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅವ್ವ, ಕಾಕಾ. ಮೇಲೆ ರೊಟ್ಟಿ ಬುತ್ತಿ ಬೇರೆ. ಬುತ್ತಿ ಯಾರ ತೊಡೆಯ ಮೇಲಿತ್ತು, ಯಾರು ಅದರ ಮೇಲೆ ಕೂತಿದ್ದರು ಅನ್ನೋದು ಇವತ್ತಿಗೂ ಇತ್ಯರ್ಥವಾಗಿಲ್ಲ. ಇಳಿದು ಬಿಚ್ಚಿದರೆ ಕಟಕ ರೊಟ್ಟಿಯೆಲ್ಲ ರವೆ. "ಇನ್ನ ಚಮಚಾ ತಗೊಂಡ ತಿನ್ರಿ" ಅಂದಳು ಅವ್ವ. ಏಳು ಸೀಟಿನ ಗಾಡಿ ತಗೊಳ್ಳೋದು ಅವತ್ತೇ ನಿಕ್ಕಿಯಾಯಿತು.

ಯಾವ ಗಾಡಿ ಅನ್ನೋದಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಇನ್ನೋವಾ ಅಂದ ಕೂಡಲೇ ಅಪ್ಪ ಬೆಲೆ ಕೇಳಿದರು, ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು, ಆಮೇಲೆ ಮನೆಯಲ್ಲಿ ಆ ಹೆಸರೇ ಬರಲಿಲ್ಲ. ಜಗಳ ಹತ್ತಿದ್ದು ಗೇರಿಗೆ.

ಹೆಂಡತಿಯ ಮಾತು ಖಡಾಖಂಡಿತ. ಅವಳು ಲೈಸೆನ್ಸ್ ತೆಗೆಸಿ ಎಂಟು ವರ್ಷವಾಯಿತು. ಮೊದಲನೇ ವಾರವೇ ಒಂದು ಏರಿನಲ್ಲಿ ಬ್ರೇಕ್ ಬಿಟ್ಟು, ಕ್ಲಚ್ ಸಂಭಾಳಿಸಿ ಎಕ್ಸಲೇಟರ್ ಒತ್ತೋಷ್ಟರಲ್ಲಿ ಕಾರು ಹಿಂದಕ್ಕೆ ಜಾರಿ ಬಾಳೆಹಣ್ಣಿನ ಕೈಗಾಡಿಗೆ ತಾಗಿತ್ತು. ಮೂರು ಡಜನ್ ಬಾಳೆಹಣ್ಣು ಖರೀದಿ ಮಾಡಿ ಮನೆಗೆ ಬಂದವಳು ಮತ್ತೆ ಸ್ಟೇರಿಂಗ್ ಮುಟ್ಟಿಲ್ಲ. "ಆಟೋಮ್ಯಾಟಿಕ್ ಆದ್ರ ನಾನೂ ಓಡಸ್ತೀನಿ. ಇಲ್ಲಂದ್ರ ನೀವ ಓಡಸ್ರಿ, ನಾ ಹಿಂದ ಮಲಗ್ತೀನಿ."

ಕಾಕಾ ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದವರು. "ಗೇರ್ ಹಾಕದ ಓಡಸೂದು ಗಾಡಿ ಅಲ್ಲಪಾ, ತೊಟ್ಟಿಲಾ ಅದು. ಬೆಂಗಳೂರಾಗ ಟ್ರಾಫಿಕ್ ಐತಿ, ಅವರಿಗೆ ಬೇಕು. ನಮಗ್ಯಾಕ?" ಮಾತು ಪೂರ್ತಿ ಸುಳ್ಳಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟು ಬಂದವರಿಗೆಂದೇ ಕಟ್ಟಿದ ನಮ್ಮ ನವನಗರದಲ್ಲಿ ಸೆಕ್ಟರ್ ರಸ್ತೆಗಳು ಎಷ್ಟು ಅಗಲ ಅಂದ್ರೆ, ಎಮ್ಮೆ ಅಡ್ಡ ಮಲಗಿದರೂ ಎರಡೂ ಕಡೆ ದಾರಿ ಇರುತ್ತದೆ.

ಅಪ್ಪನದು ಬೇರೆಯೇ ಹಟ, ಸಿಎನ್‌ಜಿ. ಆದರೆ ನಮ್ಮ ಕಣ್ಣಿದ್ದ ಮಾರುತಿ ಎರ್ಟಿಗಾದಲ್ಲಿ ಸಿಎನ್‌ಜಿ ಬೇಕಂದ್ರೆ ಕೈಯಿಂದ ಗೇರ್ ಹಾಕೋ ಮ್ಯಾನುವಲ್ಲೇ ಗತಿ. ಅಂದ್ರೆ ಸೊಸೆಯ ಡ್ರೈವಿಂಗಾ, ಮಾವನ ಮೈಲೇಜಾ ಅನ್ನೋ ಪ್ರಶ್ನೆ. ಇಂಥದರ ನಡುವೆ ಬಾಯಿ ಹಾಕಬಾರದು ಅನ್ನೋಷ್ಟು ಬುದ್ಧಿ ನನಗಿದೆ.

ಹತ್ತನೇ ಇಯತ್ತೆಯ ಮಗ ಪರೀಕ್ಷೆಯ ಓದು ಬಿಟ್ಟು ಗೇರ್‌ಬಾಕ್ಸ್ ಓದಿಕೊಂಡು ಪಾಠಕ್ಕೆ ಕೂತ. ಡಿಸಿಟಿ ಅಂದ್ರೆ ಎರಡು ಕ್ಲಚ್, ಒಂದು ಬೆಸ ಗೇರಿಗೆ, ಇನ್ನೊಂದು ಸಮ ಗೇರಿಗೆ. "ಒಂದ ಕ್ಲಚ್ ಸುಟ್ರನ ಎಷ್ಟ ರೊಕ್ಕಾ ಹೋಗ್ತೈತಿ ಗೊತ್ತೈತೇನ?" ಅಂದರು ಕಾಕಾ. ಡಿಸಿಟಿ ಅಲ್ಲಿಗೆ ಮುಗಿಯಿತು. ಎಎಂಟಿ ಅಂದ್ರೆ ಅದೇ ನಮ್ಮ ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸೋ ಕೆಲಸವನ್ನು ಮಾತ್ರ ಒಂದು ಯಂತ್ರ ಮಾಡುತ್ತದೆ. ಅಗ್ಗ. ಸರಿ, ಅದಿರೋ ಬೇರೊಂದು ಏಳು ಸೀಟಿನ ಗಾಡಿ ನೋಡೋಣ ಅಂತ ಹೋದೆವು. ಅಪ್ಪ ಶೋರೂಮಿನಲ್ಲೇ ಚಹಾ ಕುಡಿಯುತ್ತ ಕೂತರು, ನಾವು ಆರು ಜನ ಮತ್ತು ಶೋರೂಮಿನ ಹುಡುಗ ಟ್ರಯಲ್‌ಗೆ ಹೊರಟೆವು. ಎಎಂಟಿಯಲ್ಲಿ ಗೇರ್ ಬದಲಾಗುವಾಗ ಒಂದು ಗಳಿಗೆ ಎಳೆತ ನಿಂತು ಮತ್ತೆ ಶುರುವಾಗುತ್ತದೆ. ಎರಡನೇ ಗೇರಿಗೆ ಎಲ್ಲರ ತಲೆ ಒಟ್ಟಿಗೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಂತು. ಮೂರನೇ ಗೇರಿಗೆ ಮತ್ತೊಮ್ಮೆ. ಹುಡುಗ ತಿರುಗಿ ನೋಡಿದ, ಮನೆಮಂದಿಯೆಲ್ಲ ತಲೆದೂಗುತ್ತಿದ್ದಾರೆ. ಪಾಪ, ಒಪ್ಪಿಗೆಯಾಯಿತು ಅಂದುಕೊಂಡು ಬುಕಿಂಗ್ ಫಾರ್ಮ್ ತೆಗೆದ.

ಮರುದಿನ ಎರ್ಟಿಗಾ. ಇದರ ಆಟೋಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಜಾಗದಲ್ಲಿರೋದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದು ತಾನೇ ತಿರುಗುತ್ತದಲ್ಲ, ಹಾಗೆ, ಗಾಳಿಯ ಬದಲು ಎಣ್ಣೆ. 2022ರಲ್ಲಿ ಎರ್ಟಿಗಾದ ಹಳೇ 4 ಗೇರಿನ ಆಟೋಮ್ಯಾಟಿಕ್ ಹೋಗಿ 6 ಗೇರಿನದು ಬಂತು, ಮ್ಯಾನುವಲ್‌ಗಾದರೆ 5. "ಕೈಯಿಂದ ಹಾಕೂದು ಐದು, ಹಾಕದನ ಬೀಳೂದು ಆರು!" ಕಾಕಾಗೆ ಇದು ಮೋಸ ಅನಿಸಿತು.

ಹೊಸ ಗಾಡಿ ಅಂದ್ರೆ ಗಾಲಿ ಕೆಳಗೆ ಲಿಂಬೆಹಣ್ಣು ಅಲ್ವಾ? ಇದು ಬರೀ ಟ್ರಯಲ್ ಅಂತ ಎಷ್ಟು ಹೇಳಿದರೂ ಅವ್ವ ನಾಲ್ಕು ಲಿಂಬೆಹಣ್ಣು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು. ನಾನು ಡಿ ಗೆ, ಅಂದ್ರೆ ಡ್ರೈವ್‌ಗೆ ಹಾಕಿ ಹೊರಟೆ. ಎದುರಿಗೆ ಹಂಪ್ ಬಂತು. ಇಪ್ಪತ್ತು ವರ್ಷದ ಅಭ್ಯಾಸ, ನನ್ನ ಎಡಗಾಲು ನನ್ನನ್ನು ಕೇಳದೆ ಎದ್ದು, ಇಲ್ಲದ ಕ್ಲಚ್ಚನ್ನು ಹುಡುಕಿ, ಸಿಕ್ಕಿದ ಅಗಲವಾದ ಬ್ರೇಕನ್ನು ಕ್ಲಚ್ ಒತ್ತೋ ಜೋರಿನಲ್ಲೇ ಕೊನೆತನಕ ಒತ್ತಿಬಿಟ್ಟಿತು. ಗಾಡಿ ನಿಂತಿತು, ಲಿಂಬೆಹಣ್ಣು ನಿಲ್ಲಲಿಲ್ಲ. ಒಂದು ಶೋರೂಮಿನ ಹುಡುಗನ ಕಿವಿ ಸವರಿ ಡ್ಯಾಶ್‌ಬೋರ್ಡಿಗೆ ಬಡಿಯಿತು, ಎರಡು ಕಾಲಡಿ ಉರುಳಿದವು, ನಾಲ್ಕನೆಯದು ಸಿಗಲೇ ಇಲ್ಲ. ಅದು ಬ್ರೇಕಿನ ಕೆಳಗೆ ಹೋಗಿದ್ದರೆ ಅನ್ನೋ ಹೆದರಿಕೆಗೆ ಸೈಡಿಗೆ ನಿಲ್ಲಿಸಿ ಎಲ್ಲರೂ ಇಳಿದು ಬಗ್ಗಿ ಹುಡುಕಿದೆವು. ಹೋಗೋ ಬರೋರು ಹೊಸ ಗಾಡಿ ಅಷ್ಟು ಲಗೂ ಕೆಟ್ಟಿತೇ ಅಂತ ನೋಡಿಕೊಂಡು ಹೋದರು.

"ಸರಿ ಆಚೆ, ನಾ ತೋರಸ್ತೀನಿ" ಅಂತ ಕಾಕಾ ಕೂತರು. ಗದ್ದನಕೇರಿ ಕ್ರಾಸಿನತನಕ ಹೋದರೆ ಎದುರಿಗೆ ಕಬ್ಬಿನ ಸಾಲು. ಮೂರು ಟ್ರ್ಯಾಕ್ಟರು, ಒಂದೊಂದಕ್ಕೆ ಎರಡೆರಡು ಟ್ರೇಲರು. ಕಬ್ಬಿನ ಹಂಗಾಮಿನಲ್ಲಿ ಇದು ನಮ್ಮ ಬೆಂಗಳೂರು. ಹಳೇ ಕಾರಿನಲ್ಲಾದರೆ ಕ್ಲಚ್ ಒತ್ತು, ಫಸ್ಟ್ ಹಾಕು, ನಾಲ್ಕು ಮಾರು ಸರಿ, ಮತ್ತೆ ಕ್ಲಚ್, ಮೊಣಕಾಲು ಬಿದ್ದೇ ಹೋಗಬೇಕು. ಇಲ್ಲಿ ಕಾಕಾ ಬ್ರೇಕಿನ ಮೇಲಿನ ಕಾಲು ಸಡಿಲ ಬಿಟ್ಟರು, ಗಾಡಿ ತಾನೇ ನಡೆಯಿತು. ಒತ್ತಿದರು, ನಿಂತಿತು. ಮತ್ತೆ ಬಿಟ್ಟರು. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಎತ್ತಿನಂಗ ಐತಲೋ ಇದು. ಹಗ್ಗಾ ಸಡಿಲ ಬಿಟ್ರ ತಾನ ನಡೀತೈತಿ."

ತಿರುಗಿ ಬರುವಾಗ ನೋಡುತ್ತೇನೆ, ಕಾಕಾ ಎಡಗಾಲನ್ನು ಮಡಚಿ, ಕಟ್ಟೆಯ ಮೇಲೆ ಕೂತ ಹಾಗೆ ಸೀಟಿನ ಮೇಲಿಟ್ಟುಕೊಂಡಿದ್ದಾರೆ. ಹಿಂದಿನ ಸೀಟಿನಿಂದ ಹೆಂಡತಿ ನನ್ನ ಭುಜ ತಟ್ಟಿದಳು. ಸಿಎನ್‌ಜಿ ವಿಷಯ ಕಾಕಾ ಅಣ್ಣನ ಹತ್ತಿರ ತಾವೇ ಮಾತಾಡಿದರು, ಏನು ಹೇಳಿದರೋ, ಮ್ಯಾನುವಲ್ಲಿಗಿಂತ ಲಕ್ಷದ ಮೇಲೆ ಜಾಸ್ತಿ ಕೊಟ್ಟು ಆಟೋಮ್ಯಾಟಿಕ್ ಬುಕ್ ಆಯಿತು.

ಗಾಡಿ ಇನ್ನೂ ಬಂದಿಲ್ಲ. ನಿನ್ನೆ ಹಳೇ ಕಾರು ತಗೊಂಡು ಲೋಕಾಪುರಕ್ಕೆ ಹೊರಟಿದ್ದ ಕಾಕಾ ಗದ್ದನಕೇರಿ ಕ್ರಾಸಿನಿಂದ ಫೋನ್ ಮಾಡಿದರು. ಹಿಂದೆ ಹಾರ್ನುಗಳ ಗದ್ದಲ.

"ಅಲ್ಲೋ, ಹೊಸಾದು ಯಾವಾಗ ಬರ್ತೈತಿ? ಈ ಹಳೇದು ಯಾಕೋ ಕೆಟ್ಟೈತಿ ನೋಡು. ಬ್ರೇಕ್ ಹಾಕಿದ್ರ ಸಾಕು, ಬಂದ್ ಬೀಳಾಕತ್ತೈತಿ."