ಎಲ್ಲ ಹೊಟ್ಟೆನೋವೂ ಗ್ಯಾಸ್ಟ್ರಿಕ್ ಅಲ್ಲ

ಅಮ್ಮ ಎರಡು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದಳು. ಯುಗಾದಿಗೆ ತುಪ್ಪ ಹಾಕಿಕೊಂಡು ಹೋಳಿಗೆ ತಿಂದರೆ ರಾತ್ರಿ ನೋವು. ಮದುವೆ ಊಟ ಮಾಡಿ ಬಂದರೂ ನೋವು. ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡಿದು ಮಂಚದ ತುದಿಯಲ್ಲಿ ಕೂತಿರುತ್ತಿದ್ದಳು. "ಬಲಭುಜದ ಹಿಂದೂ ಹಿಡ್ಕೊಂಡಿದೆ ಕಣೋ" ಅನ್ನುತ್ತಿದ್ದಳು. ನಾನು ಓಮದ ನೀರು ಕಾಯಿಸಿ ಕೊಡುತ್ತಿದ್ದೆ. "ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ ನೀನು, ಅದಕ್ಕೇ ಗ್ಯಾಸ್ಟ್ರಿಕ್" ಅಂತ ಬೈದದ್ದೂ ಇದೆ. ಎರಡು ಮೂರು ಗಂಟೆಯಲ್ಲಿ ನೋವು ತಾನಾಗಿಯೇ ಇಳಿಯುತ್ತಿತ್ತು. ಮಾತ್ರೆ ಕೆಲಸ ಮಾಡಿತು ಅಂದುಕೊಳ್ಳುತ್ತಿದ್ದೆವು.

ಕೊನೆಗೊಂದು ದಿನ ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದಲ್ಲಿ ಕಲ್ಲು.

ಆಪರೇಷನ್ ಆದ ಮೇಲೆ ನರ್ಸ್ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೈಗಿಟ್ಟರು. ಒಳಗೆ ಹನ್ನೊಂದು ಕಲ್ಲು. ಹೆಚ್ಚಿನವು ಹೆಸರುಕಾಳಿನಷ್ಟು, ಒಂದು ಮಾತ್ರ ಕಡಲೆಕಾಳಿನಷ್ಟು ದಪ್ಪ. ಹಳದಿ ಕಂದು ಬಣ್ಣ. ಒಂದಕ್ಕೊಂದು ಒತ್ತಿಕೊಂಡೇ ಬೆಳೆದು ಬದಿಗಳು ಚಪ್ಪಟೆಯಾಗಿದ್ದವು. ಅಲುಗಿಸಿದರೆ ಟಕಟಕ ಸದ್ದು. ಆ ಸದ್ದು ಕೇಳಿ ನನಗೆ ಅಳು ಬಂತು.

ಹೈಸ್ಕೂಲಿನಲ್ಲಿ ಜೀರ್ಣಾಂಗಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಪೂರ್ತಿ ಮಾರ್ಕ್ಸ್ ತೆಗೆದವನು ನಾನು. ಪಿತ್ತಕೋಶಕ್ಕೆ ಹಸಿರು ಬಣ್ಣ ಹಚ್ಚಿದ್ದು ಈಗಲೂ ನೆನಪಿದೆ. ಅದೇ ಚೀಲ ಅಮ್ಮನ ಹೊಟ್ಟೆಯಲ್ಲಿ ನೋಯುತ್ತಿದ್ದಾಗ ಮಾತ್ರ ಅದು ಹೊಳೆಯಲೇ ಇಲ್ಲ.

ಗ್ಯಾಸ್ಟ್ರಿಕ್ ಅಂದರೆ ಜಠರಕ್ಕೆ ಸಂಬಂಧಪಟ್ಟದ್ದು, ಅಷ್ಟೇ. ಅದೊಂದು ಕಾಯಿಲೆಯ ಹೆಸರೇ ಅಲ್ಲ. ನಮ್ಮಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಪಕ್ಕೆನೋವು, ತಲೆಸುತ್ತು ಎಲ್ಲವೂ ಆ ಒಂದೇ ಪದದೊಳಗೆ ಸೇರಿಬಿಟ್ಟಿವೆ. ಊಟ ಸಾಗುವುದು ಬಾಯಿಯಿಂದ ಗುದದವರೆಗೆ ಎಷ್ಟೋ ಮೀಟರ್ ಉದ್ದದ ದಾರಿ. ಪಕ್ಕದಲ್ಲಿ ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ ಬೇರೆ. ಒಂದೊಂದರ ಕೆಲಸ ಒಂದೊಂದು, ನೋವಿನ ರೀತಿಯೂ ಬೇರೆ ಬೇರೆ.

ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ, ದಿನಕ್ಕೆ ಅರ್ಧ ಲೀಟರಿಗೂ ಜಾಸ್ತಿ. ಊಟ ಇಲ್ಲದ ಹೊತ್ತಲ್ಲಿ ಅದು ಯಕೃತ್ತಿನ ಅಡಿಯಲ್ಲಿರುವ ಪುಟ್ಟ ಚೀಲಕ್ಕೆ ಬಂದು ಸೇರುತ್ತದೆ, ಅಲ್ಲೇ ಮಂದವಾಗುತ್ತದೆ. ಅದೇ ಪಿತ್ತಕೋಶ. ಹಿಡಿಯುವುದು 30ರಿಂದ 50 ಮಿಲಿಲೀಟರ್. ನಾವು ತುಪ್ಪ ತಿಂದೆವು ಅನ್ನಿ. ಆ ಜಿಡ್ಡು ಜಠರ ದಾಟಿ ಸಣ್ಣಕರುಳಿನ ಮೊದಲ ಭಾಗಕ್ಕೆ ಬಂದ ಕೂಡಲೇ ಕರುಳಿನ ಗೋಡೆ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಸುದ್ದಿ ತಲುಪಿದ ಪಿತ್ತಕೋಶ ತನ್ನನ್ನು ತಾನೇ ಹಿಂಡಿಕೊಳ್ಳುತ್ತದೆ. ಪಿತ್ತರಸ ಕರುಳಿಗೆ ಸುರಿದು, ಸೋಪಿನ ನೀರು ಪಾತ್ರೆಯ ಜಿಡ್ಡನ್ನು ಬಿಡಿಸುವ ಹಾಗೆ ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಎಂಥ ಅಚ್ಚುಕಟ್ಟಾದ ಏರ್ಪಾಡು ಅಲ್ವಾ?

ಅಮ್ಮನಿಗೆ ಆಗುತ್ತಿದ್ದುದು ಇಷ್ಟು. ಚೀಲ ಹಿಂಡಿಕೊಂಡಾಗ ಅದರ ಬಾಯಿಗೆ ಕಲ್ಲು ಅಡ್ಡ ಕೂರುತ್ತಿತ್ತು. ಅದಕ್ಕೇ ಹೋಳಿಗೆ ತಿಂದ ರಾತ್ರಿಯೇ ನೋವು. ಕಲ್ಲು ಸರಿದಾಗ ನೋವೂ ಇಳಿಯುತ್ತಿತ್ತು. ನಾವು ಕೊಡುತ್ತಿದ್ದ ಮಾತ್ರೆ ಜಠರದ ಗೋಡೆಯಲ್ಲಿ ಆಸಿಡ್ ಬರುವುದನ್ನು ತಡೆಯುವಂಥದ್ದು. ಪಿತ್ತಕೋಶದ ಕಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿದ್ದರೆ ಕಾಮಾಲೆ ಆಗಬಹುದಿತ್ತು. ಮೇದೋಜೀರಕ ಗ್ರಂಥಿ ಊದಿಕೊಂಡಿದ್ದರೆ ಜೀವಕ್ಕೇ ಅಪಾಯ. ಡಾಕ್ಟರ್ ಇದನ್ನು ಹೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಜಠರದ ಹುಣ್ಣಿನ ವಿಷಯದಲ್ಲೂ ಹೀಗೇ ಆಗಿತ್ತು. ಖಾರ ತಿಂದದ್ದಕ್ಕೆ, ಟೆನ್ಷನ್‌ಗೆ ಹುಣ್ಣಾಗುತ್ತದೆ ಅಂತ ಎಷ್ಟೋ ವರ್ಷ ನಂಬಿದ್ದರು. ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಒಂದು ಬ್ಯಾಕ್ಟೀರಿಯಾದ ಕಡೆ ಬೆರಳು ತೋರಿಸಿದಾಗ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ತಮ್ಮ ಜಠರದಲ್ಲಿ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಂಥ ಹುಣ್ಣಿಗೆ ಇವತ್ತು ಆಂಟಿಬಯಾಟಿಕ್ ಇದೆ. ಬರೀ ಆಸಿಡ್ ಮಾತ್ರೆ ನುಂಗುತ್ತಾ ಕೂತರೆ ಆ ಬ್ಯಾಕ್ಟೀರಿಯಾ ಹೋಗುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಹೃದಯಾಘಾತವೂ ಕೆಲವೊಮ್ಮೆ ಹೊಟ್ಟೆಯ ಮೇಲ್ಭಾಗದ ನೋವಾಗಿ ಬರುತ್ತದೆ. ಜೊತೆಗೆ ಬೆವರು, ಉಸಿರುಕಟ್ಟು, ಕೈಗೋ ದವಡೆಗೋ ಹರಡುವ ನೋವು ಇದ್ದರೆ ಸೋಡಾ ಕುಡಿಸುತ್ತಾ ಕೂರಬೇಡಿ. ಆಸ್ಪತ್ರೆಗೆ ಓಡಿ.

ಅಮ್ಮ ಈಗ ಆರಾಮಾಗಿದ್ದಾಳೆ. ಚೀಲ ಇಲ್ಲದಿದ್ದರೂ ಯಕೃತ್ತಿನಿಂದ ಪಿತ್ತರಸ ನೇರವಾಗಿ ಕರುಳಿಗೆ ಇಳಿಯುತ್ತದೆ, ಊಟ ಜೀರ್ಣವಾಗುತ್ತದೆ. ಈ ಯುಗಾದಿಗೆ ಎರಡು ಹೋಳಿಗೆ ತಿಂದಳು. ಮೊನ್ನೆ ಪಕ್ಕದ ಮನೆಯವರು "ನಂಗೆ ಗ್ಯಾಸ್ಟ್ರಿಕ್ ಆಗಿದೆ ಕಣ್ರೀ" ಅಂದಾಗ ಅಮ್ಮ ಕೈಲಿದ್ದ ಸೌಟು ಕೆಳಗಿಟ್ಟು ಕೇಳಿದಳು, "ಎಲ್ಲಿ ನೋವು? ಎಡಗಡೆನೋ ಬಲಗಡೆನೋ? ಊಟ ಆಗಿ ಎಷ್ಟು ಹೊತ್ತಿಗೆ ಬರುತ್ತೆ?"